ಒಂಬತ್ತು ಗಂಟೆಯ ಫಾಲೋಅಪ್

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಬೇರೆಯವರು ಹೇಳಿದರೆ ಜಗಳಕ್ಕೆ ನಿಲ್ಲುತ್ತೇನೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಪಕ್ಕದ ಫ್ಲ್ಯಾಟಿನ ಹುಡುಗಿಯ ಪೆನ್ಸಿಲ್ ಡಬ್ಬಿಯ ಮೇಲೆ, ಮದುವೆಯಾದ ಮೇಲೆ ಓರಗಿತ್ತಿಯ ಮೀನು ಸಾರಿನ ಮೇಲೆ, ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ಸಿಕ್ಕವಳ ಮೇಲೆ. ಅವೆಲ್ಲ ಬಂದು ಹೋಗುವ ಜ್ವರಗಳು. ಒಂದು ಮಾತ್ರ ಬಂದದ್ದು ಹೋಗಲಿಲ್ಲ. ಅದು ನಾನು ಮುಖ ಕಂಡಿರದ, ಕೆನಡಾದ ಒಬ್ಬ ಹೆಂಗಸಿನ ಮೇಲಿನದು. ನನ್ನ ತಮ್ಮ ಮಾದಕ ಪದಾರ್ಥ ತೆಗೆದುಕೊಳ್ಳುವಾಗ ಹತ್ತಿರ ಕುಳಿತು ಅವನ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು ಅವಳ ಕೆಲಸ.

ಇಂಥದ್ದೊಂದು ಕೆಲಸ ಲೋಕದಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನಿರುವುದು ಕತಾರಿನಲ್ಲಿ. ಮಂಗಳೂರಿನಿಂದ ವಿಮಾನ ಹತ್ತುವವರು ಒಂದು ಕೆಮ್ಮಿನ ಸಿರಪ್ಪನ್ನು ಪೆಟ್ಟಿಗೆಯಲ್ಲಿಡುವ ಮೊದಲು ಹತ್ತು ಜನರನ್ನು ಕೇಳಿ ಬರುವ ದೇಶ ಇದು. ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ತಂದವರ ಕಥೆಗಳನ್ನು ನಾವು ದನಿ ಇಳಿಸಿ ಹೇಳಿಕೊಳ್ಳುತ್ತೇವೆ. ಅಂಥಲ್ಲಿ ಕುಳಿತವಳಿಗೆ ತಮ್ಮ ಫೋನಿನಲ್ಲಿ ಹೇಳಿದ: ಇಲ್ಲೊಂದು ಕೇಂದ್ರ ಉಂಟು, ಸರಕಾರದ ಒಪ್ಪಿಗೆಯಿಂದಲೇ ನಡೆಯುವುದು, ಸಾಲಾಗಿ ಕುರ್ಚಿ ಹಾಕಿರುತ್ತಾರೆ, ನಮ್ಮಂಥವರು ತಂದದ್ದನ್ನು ಅಲ್ಲೇ ಕೂತು ತೆಗೆದುಕೊಳ್ಳಬಹುದು, ಹೆಚ್ಚುಕಡಿಮೆ ಆದರೆ ಬದುಕಿಸಲಿಕ್ಕೆ ಜನ ಇರುತ್ತಾರೆ. ನಾನು ಫೋನನ್ನು ಕಿವಿಯಿಂದ ತೆಗೆದು, ಕೋಣೆಯ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿ ಬಂದೆ.

ಅವನು ನನಗಿಂತ ಆರು ವರ್ಷ ಚಿಕ್ಕವನು. ನಾವು ಬೆಳೆದದ್ದು ಇಲ್ಲಿಯದೇ ಅಲ್ ಸದ್ದ್ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಅಪ್ಪನಿಗೆ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ, ಅಮ್ಮ ಶಾಲೆಯ ಬಸ್ಸಿನಲ್ಲಿ ಆಯಾ. ಊರವರ ಮಕ್ಕಳನ್ನೆಲ್ಲ ಮನೆಮನೆಗೆ ಇಳಿಸಿ ಅವಳು ತನ್ನ ಮಕ್ಕಳ ಮುಖ ನೋಡುವಾಗ ನಾಲ್ಕು ಗಂಟೆ ದಾಟುತ್ತಿತ್ತು. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡು ನಾವಿಬ್ಬರೇ. ಹೊರಗೆ ಹೋಗುವಂತಿಲ್ಲ, ಆಡಲು ಇದ್ದದ್ದು ಕಣ್ಣಾಮುಚ್ಚಾಲೆ ಒಂದೇ. ಒಂದು ದಿನ ಅವನು ಕಪಾಟಿನೊಳಗೆ ಕಂಬಳಿಗಳ ಹಿಂದೆ ಅಡಗಿ ಅಲ್ಲೇ ನಿದ್ದೆ ಹೋದ. ಮಂಚದ ಕೆಳಗೆ, ವಾಷಿಂಗ್ ಮೆಷಿನ್ನಿನ ಹಿಂದೆ, ಪರದೆಯ ಮರೆಯಲ್ಲಿ ಎಲ್ಲ ಹುಡುಕಿ ಸೋತು ನಾನು ಕಪಾಟು ತೆಗೆದಾಗ ಬೆವರಿನಲ್ಲಿ ತೊಯ್ದು, ಬಾಯಿ ತೆರೆದುಕೊಂಡು ಬಿದ್ದಿದ್ದ. ಕೆನ್ನೆಗೆ ಎರಡು ಬಾರಿಸಿದ ಮೇಲೆ ಕಣ್ಣು ಬಿಟ್ಟ. ಅವನಿಗೆ ಆರು, ನನಗೆ ಹನ್ನೆರಡು.

ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಬೆನ್ನು ಹುಡಿ ಮಾಡುತ್ತಿದ್ದಳು. ನಾನೇ ಒಂದು ಕಾಯಿದೆ ತಂದೆ. ಮನೆಯಲ್ಲಿ ನಮ್ಮದು ತುಳು. ನಾನು ಹುಡುಕುತ್ತಾ "ಉಲ್ಲನಾ?" ಎಂದು ಕೂಗುತ್ತೇನೆ, ಇದ್ದೀಯಾ ಎಂದು. ಅವನು ಎಲ್ಲೇ ಅಡಗಿರಲಿ "ಉಲ್ಲೆ" ಎನ್ನಬೇಕು, ಇದ್ದೇನೆ ಎಂದು. ಅಡಗಿದವನೇ ದನಿ ಕೊಟ್ಟರೆ ಆಟ ಎಲ್ಲಿ ಉಳಿಯಿತು? ಆದರೂ ಹಲವು ವರ್ಷ ಹಾಗೆಯೇ ಆಡಿದೆವು. ನನಗೆ ಆಟಕ್ಕಿಂತ ಆ ಉತ್ತರ ಬೇಕಿತ್ತು.

ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಅವನು ಓದಲು ಕೆನಡಾಕ್ಕೆ ಹೋದ. ಓದು ಅರ್ಧಕ್ಕೆ ನಿಂತಿತು. ಅಲ್ಲಿಯ ಪಡುವಣ ಕರಾವಳಿಯ ಒಂದು ಊರಿನಲ್ಲಿ ಮನೆಗಳ ಮಾಡಿಗೆ ಹೊದಿಕೆ ಹಾಕುವ ಕೆಲಸಕ್ಕೆ ಸೇರಿದ. ಮಾಡಿನಿಂದ ಬಿದ್ದು ಭುಜ ಮುರಿಯಿತು. ನೋವಿನ ಮಾತ್ರೆ ಕೊಟ್ಟರು, ಕೆಲವು ತಿಂಗಳ ನಂತರ ಡಾಕ್ಟರು ಮಾತ್ರೆ ನಿಲ್ಲಿಸಿದರು. ಇವನು ನಿಲ್ಲಿಸಲಿಲ್ಲ. ಡಾಕ್ಟರು ಕೊಡದಿದ್ದನ್ನು ಬೀದಿ ಕೊಟ್ಟಿತು. ನನಗೆ ಇದನ್ನೆಲ್ಲ ಹೇಳಿದ್ದು ಕೊರೊನಾ ಬರುವ ಎರಡು ವರ್ಷ ಮೊದಲು, ಅಪ್ಪ ತೀರಿಕೊಂಡು ಅಮ್ಮ ನಮ್ಮ ಜೊತೆಗೆ ಇರಲು ಬಂದ ಮೇಲೆ. "ಅಮ್ಮನಿಗೆ ಮಾತ್ರ ಹೇಳ್ಬೇಡ" ಎಂದು ಆಣೆ ಹಾಕಿಸಿದ. ಹೇಳುವುದಿಲ್ಲ ಎಂದೆ. ಆಣೆ ಹಾಕಿಸದಿದ್ದರೂ ಹೇಳುತ್ತಿರಲಿಲ್ಲ.

ಅಳಬೇಕಿತ್ತು, ಅತ್ತೆ. ಬೈಯಬೇಕಿತ್ತು, ಬೈದೆ. ಆಮೇಲೆ ಅವನು ಆ ಹೆಂಗಸಿನ ಸುದ್ದಿ ತೆಗೆದ.

"ಐವತ್ತೈದು ಆಗಿರಬಹುದು ಅಕ್ಕ. ಕೂದಲೆಲ್ಲ ಬೆಳ್ಳಗೆ. ಸುಮ್ನೆ ಉಣ್ಣೆ ಹೆಣೀತಾ ಕೂತ್ಕೊಳ್ತಾಳೆ. ಯಾಕೆ, ಏನು, ಬಿಡ್ಲಿಕ್ಕಾಗುದಿಲ್ವಾ, ಒಂದೂ ಕೇಳುದಿಲ್ಲ. ಆದ್ರೆ ಕಣ್ಣು ನನ್ನ ಎದೆಯ ಮೇಲೆಯೇ ಇರ್ತದೆ, ಮೇಲೆ ಕೆಳಗೆ ಆಗ್ತದಾ ಅಂತ. ಒಮ್ಮೆ ಎರಡು ಹೆಣಿಗೆ ತಪ್ಪಿದ್ಲು ಗೊತ್ತುಂಟಾ, ನನ್ನನ್ನು ನೋಡ್ತಾ."

"ಅವಳಿಗೆ ಎಂತ, ಸಂಬಳ ಸಿಗ್ತದೆ" ಎಂದೆ.

"ಬೈಯುದೂ ಇಲ್ಲ" ಎಂದ.

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ತಮ್ಮನ ಬದುಕು ಹೀಗಾಯಿತಲ್ಲ ಎಂಬ ಸಂಕಟದ ಪಕ್ಕದಲ್ಲೇ ಇನ್ನೊಂದು ಕುಳಿತು ಉರಿಯುತ್ತಿತ್ತು. ಕಪಾಟಿನಿಂದ ಎಳೆದು ತೆಗೆದವಳು ನಾನು. ಅವನ ಎದೆ ಏರಿಳಿಯುವುದನ್ನು ಮೊದಲು ನೋಡಿದವಳು ನಾನು. ಈಗ ಯಾರೋ ಒಬ್ಬಳು ಕಾಲ ಮೇಲೆ ಉಣ್ಣೆಯ ಉಂಡೆ ಇಟ್ಟುಕೊಂಡು ನನ್ನ ಜಾಗದಲ್ಲಿ ಕುಳಿತಿದ್ದಾಳೆ, ಮತ್ತು ಅವನು ಅವಳನ್ನು ಹೊಗಳುತ್ತಿದ್ದಾನೆ. ಆ ಕೇಂದ್ರದ ಜಾಲತಾಣವನ್ನು ಹುಡುಕಿ, ಅಲ್ಲಿದ್ದ ಫೋಟೋಗಳಲ್ಲಿ ಬಿಳಿ ಕೂದಲಿನ ಹೆಂಗಸರನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಮೂವರಿದ್ದರು. ಮೂವರ ಮೇಲೂ ಸಿಟ್ಟು ಬಂತು.

ಆಮೇಲೆ ಕೊರೊನಾ ಬಂತು. ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೂಲೆ. ನಮ್ಮ ಯಜಮಾನರು ಮಲಗುವ ಕೋಣೆಯಲ್ಲಿ ಆಫೀಸಿನವರ ಜೊತೆ ಕಿರುಚುತ್ತಿದ್ದರು, ಹಾಲ್‌ನಲ್ಲಿ ಮಗಳ ಆನ್‌ಲೈನ್ ಕ್ಲಾಸು, ಅಮ್ಮ ಬಾಲ್ಕನಿಯ ಕರಿಬೇವಿನ ಚಟ್ಟಿಯ ಬಳಿ. ನನಗೆ ಅಡುಗೆಮನೆಯ ಮೇಜು. ಏಸಿಯ ಬಿಡಿಭಾಗ ತರಿಸುವ ಕಂಪನಿಯಲ್ಲಿ ನನ್ನ ಕೆಲಸ. ಸರಕು ಯಾವ ಬಂದರಿನಲ್ಲಿ ಸಿಕ್ಕಿಬಿದ್ದಿದೆ ಎಂದು ದಿನವಿಡೀ ಜನರನ್ನು ಪೀಡಿಸುವುದು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅತ್ತ ತಮ್ಮನ ಊರಿನಲ್ಲಿ ಆ ಕೇಂದ್ರದ ಕುರ್ಚಿಗಳನ್ನು ದೂರ ದೂರ ಇಟ್ಟರು. ಹನ್ನೆರಡು ಇದ್ದದ್ದು ನಾಲ್ಕಾಯಿತು. ಹೊರಗೆ ಫುಟ್‌ಪಾತಿನಲ್ಲಿ ಸಾಲು, ಮಳೆಯಲ್ಲಿ ಎರಡು ಗಂಟೆ ನಿಲ್ಲಬೇಕು. ಒಂದು ದಿನ ಸಾಲಿನ ತುದಿಗೆ ಮುಟ್ಟಿದವನಿಗೆ ಕೆಮ್ಮು ಬಂತು. ಬಾಗಿಲಲ್ಲಿದ್ದವರು ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಹಿಂದೆ ಕಳಿಸಿದರು. ಅವನು ಕೋಣೆಗೆ ಹೋಗಿ ಒಬ್ಬನೇ ತೆಗೆದುಕೊಳ್ಳತೊಡಗಿದ. ಅವನ ಕಟ್ಟಡದ ಕೆಳಮಹಡಿಯವನೊಬ್ಬ ಹಾಗೆ ಒಬ್ಬನೇ ಇದ್ದು ಸತ್ತು, ಎರಡು ದಿನದ ಮೇಲೆ ಸಿಕ್ಕಿದ್ದನಂತೆ. ಇದನ್ನು ತಮ್ಮ, ನಲ್ಲಿಯಲ್ಲಿ ನೀರು ಬಂದಿಲ್ಲ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ.

"ಬಿಟ್ಟುಬಿಡು ಮಾರಾಯ, ಕಾಲಿಗೆ ಬೀಳ್ತೇನೆ" ಎಂದೆ.

"ಬಿಡುವವರು ಬಿಡ್ಲಿಕ್ಕೆ ಸೇರುವ ಜಾಗವನ್ನೂ ಮುಚ್ಚಿದ್ದಾರೆ ಅಕ್ಕ. ನಾನು ಹೆಸರು ಬರೆಸಿದ್ದೆ. ಈಗ ಫೋನಿನಲ್ಲಿ ಮಾಡ್ತಾರಂತೆ. ನಾವು ತಗೊಳ್ಳುವಾಗ ಅವರು ಲೈನಿನಲ್ಲಿ ಇರುದು. ಎರಡೆರಡು ನಿಮಿಷಕ್ಕೆ ಕರೀತಾರೆ, ಉತ್ತರ ಬರದಿದ್ರೆ ಆಂಬುಲೆನ್ಸ್ ಕಳಿಸ್ತಾರೆ. ಅವಳೂ ಉಂಟಂತೆ, ರಾತ್ರಿ ಪಾಳಿಗೆ, ಅವಳ ಮನೆಯಿಂದಲೇ."

"ಯಾವಳು?" ಎಂದೆ, ಗೊತ್ತಿದ್ದೂ.

"ಅವಳೇ. ಹೆಣೆಯುವವಳು."

ಫೋನಿನಲ್ಲಿ ಕರೆಯುವುದೇ ಆದರೆ ಅದಕ್ಕೆ ಅವಳು ಯಾಕೆ? ನನಗೆ ಬಾಯಿ ಇಲ್ಲವೇ? ಅಲ್ಲಿ ರಾತ್ರಿ ಹನ್ನೊಂದು ಅಂದರೆ ನನಗೆ ಬೆಳಗ್ಗೆ ಒಂಬತ್ತು. ಮೇಜಿನ ಮುಂದೆ ಕುಳಿತೇ ಇರುತ್ತೇನೆ. "ನನಗೆ ಮಾಡು" ಎಂದೆ. "ಅವಳಿಗೆ ಬೇಡ, ನನಗೆ ಮಾಡು."

"ನೀನು ಬೈತಿ."

"ಬೈಯುದಿಲ್ಲ."

"ಅಳ್ತಿ."

"ಅಳುದೂ ಇಲ್ಲ. ಎಂತ, ಅಕ್ಕನಿಗಿಂತ ಅವಳು ಹೆಚ್ಚಾದ್ಲಾ ನಿನಗೆ?"

"ಆಯ್ತು, ನಿನಗೇ ಮಾಡ್ತೇನೆ" ಎಂದ. ಗೆದ್ದೆ ಎಂದುಕೊಂಡೆ. ಆ ಹೊತ್ತು ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಇಲ್ಲಿ ಇಂಟರ್ನೆಟ್ ಕರೆಗಳು ಅರ್ಧಕ್ಕೇ ಸಾಯುತ್ತವೆ. ಆ ದಿನಗಳಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಆಫೀಸಿನ ಮೀಟಿಂಗ್ ಆ್ಯಪ್ ಮಾತ್ರ. ಹಾಗಾಗಿ ಕಂಪನಿಯ ಲ್ಯಾಪ್‌ಟಾಪಿನಲ್ಲಿ ತಮ್ಮನಿಗೊಂದು ಮೀಟಿಂಗ್ ಇಟ್ಟೆ. ದಿನಾ ಒಂಬತ್ತು ಗಂಟೆಗೆ. ಹೆಸರು "ಸಪ್ಲೈಯರ್ ಫಾಲೋಅಪ್". ಮನೆಯಲ್ಲಿ ಯಾರಿಗೂ ಸಂಶಯ ಬರುವಂತಿರಲಿಲ್ಲ. ಅವನು ಕ್ಯಾಮೆರಾ ಹಾಕುತ್ತಿರಲಿಲ್ಲ, ದನಿ ಮಾತ್ರ. ನಾನು ಹೆಡ್‌ಸೆಟ್ ಹಾಕಿ, ಮುಂದೆ ಒಂದು ಎಕ್ಸೆಲ್ ಹಾಳೆ ತೆರೆದಿಟ್ಟು, ಎರಡೆರಡು ನಿಮಿಷಕ್ಕೊಮ್ಮೆ ಮೆಲ್ಲಗೆ "ಉಲ್ಲನಾ?" ಎನ್ನುತ್ತಿದ್ದೆ.

"ಉಲ್ಲೆ."

ಇಪ್ಪತ್ತೈದು ವರ್ಷದ ಹಿಂದಿನ ಆ ಪದ ಅಷ್ಟೇ ಸಣ್ಣ ದನಿಯಲ್ಲಿ ಬರುತ್ತಿತ್ತು. ಅದನ್ನು ಕೇಳಲೆಂದೇ ನಾನು ಬೇಗ ಎದ್ದು, ಸ್ನಾನ ಮುಗಿಸಿ, ಚಹಾ ಸೋಸಿಕೊಂಡು ಕೂರುತ್ತಿದ್ದೆ ಎಂದರೆ ನಂಬುತ್ತೀರಾ? ತಮ್ಮ ಸಾವಿನ ಅಂಚಿನಲ್ಲಿ ಕುಳಿತಿರುತ್ತಿದ್ದ, ನಾನು ಹಬ್ಬದ ಹಾಗೆ ಕಾಯುತ್ತಿದ್ದೆ. ನಾಚಿಕೆಯ ಮಾತು, ಆದರೆ ಇದ್ದದ್ದು ಹಾಗೆಯೇ.

ಬೈಯುವುದಿಲ್ಲ ಎಂಬ ಮಾತು ಮೂರನೇ ದಿನಕ್ಕೆ ಮುರಿಯಿತು. "ಉಲ್ಲನಾ"ಗಳ ನಡುವೆ ನನ್ನ ಪುರಾಣ ತುಂಬಿಕೊಂಡಿತು. ಅಪ್ಪ ಇದ್ದಿದ್ದರೆ ಏನಾಗುತ್ತಿತ್ತು, ನಿನ್ನ ಓರಗೆಯವರಿಗೆಲ್ಲ ಎರಡೆರಡು ಮಕ್ಕಳು, ಊಟಕ್ಕೆ ಎಂತ ಮಾಡಿದ್ದಿ, ಬ್ರೆಡ್ಡು ಊಟವಾ. ಅವನು "ಹ್ಞೂಂ ಅಕ್ಕ, ಹ್ಞೂಂ" ಎನ್ನುತ್ತಿದ್ದ. ನಡುನಡುವೆ ಕೆದಕುತ್ತಿದ್ದೆ: "ಅವಳಾಗಿದ್ರೆ ಇಷ್ಟು ಹೊತ್ತು ಕೂರ್ತಿದ್ಲಾ? ಅವಳಿಗೆ ಗೊತ್ತುಂಟಾ ನಿನಗೆ ಹಲಸಿನ ಹಪ್ಪಳ ಇಷ್ಟ ಅಂತ?" ಅವನು ನಗುತ್ತಿದ್ದ. "ಇಲ್ಲ ಮಾರಾಯ್ತಿ, ಅವಳಿಗೆ ಹಪ್ಪಳವೇ ಗೊತ್ತಿಲ್ಲ." ನನಗೆ ಅಷ್ಟಾದರೆ ಆ ದಿನಕ್ಕೆ ಸಾಕಿತ್ತು.

ಒಂದು ವಿಷಯವನ್ನು ಮಾತ್ರ ಬರೆದೇ ತೀರಬೇಕು. ಅಷ್ಟು ದಿನಗಳಲ್ಲಿ ಅವನ ವಿಳಾಸವನ್ನು ನಾನು ಕೇಳಲೇ ಇಲ್ಲ. ಹಳೆಯ ಕೋಣೆ ಬಿಟ್ಟು ಬೇರೆ ಕಡೆ ಹೋಗಿದ್ದಾನೆ ಎಂದು ಗೊತ್ತಿತ್ತು. ಯಾವ ಬೀದಿ, ಎಷ್ಟನೇ ಮಹಡಿ, ಬಾಗಿಲು ತೆಗೆಯುವುದು ಹೇಗೆ, ಒಂದೂ ಗೊತ್ತಿರಲಿಲ್ಲ. ಕಾವಲಿಗೆ ಕೂತವಳು ಊಟಕ್ಕೆ ಎಂತ ಎಂದು ಕೇಳಿದಳು, ಮನೆ ಎಲ್ಲಿ ಎಂದು ಕೇಳಲಿಲ್ಲ.

ಅಂದು ಒಂಬತ್ತೂವರೆ ಇರಬೇಕು. ಅವನ ದನಿ ಭಾರವಾಗಿತ್ತು. "ಉಲ್ಲನಾ?" ಎಂದೆ. ಬಹಳ ಕೆಳಗಿನಿಂದ "ಉಲ್ಲೆ" ಬಂತು. ಆಗಲೇ ಅಮ್ಮ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ಅಡುಗೆಮನೆಗೆ ಬಂದಳು.

"ಯಾರ ಹತ್ತಿರ ನೀನು ತುಳು ಮಾತಾಡುದು?"

ನನ್ನ ಬೆರಳು ತಾನಾಗಿಯೇ ಹೋಗಿ ಮ್ಯೂಟ್ ಒತ್ತಿತು. ಆ ವರ್ಷ ನಮ್ಮೆಲ್ಲರ ಬೆರಳಿಗೂ ಬಂದಿದ್ದ ಚಾಳಿ ಅದು. ಕುಕ್ಕರ್ ಕೂಗಿದರೆ ಮ್ಯೂಟ್, ಮಗು ಅತ್ತರೆ ಮ್ಯೂಟ್, ಮನೆಯವರು ಬಂದರೆ ಮ್ಯೂಟ್.

"ಆಫೀಸಿಂದು ಅಮ್ಮ. ಉಡುಪಿಯವರೊಬ್ಬರು ಹೊಸದಾಗಿ ಸೇರಿದ್ದಾರೆ."

"ಹೌದಾ? ಉಡುಪಿಯಲ್ಲಿ ಎಲ್ಲಿ?"

ಅವಳು ಎದುರಿನ ಕುರ್ಚಿ ಎಳೆದು ಕೂತಳು. ಪೇಪರು ಹಾಸಿ ಸೊಪ್ಪು ಬಿಡಿಸತೊಡಗಿದಳು. ಉಡುಪಿಯಲ್ಲಿ ಎಲ್ಲಿ, ಯಾರ ಪೈಕಿ, ಮದುವೆ ಆಗಿದೆಯಾ. ನಾನು ಸುಳ್ಳಿನ ಮೇಲೆ ಸುಳ್ಳು ಕಟ್ಟುತ್ತಾ ಗಡಿಯಾರ ನೋಡುತ್ತಿದ್ದೆ. ಮ್ಯೂಟ್ ತೆಗೆದು ಆ ಪದ ಹೇಳಿದರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ. ಲೋಕದಲ್ಲಿ ಅದನ್ನು ಆ ರಾಗದಲ್ಲಿ ಕರೆಯುವವಳು ನಾನೊಬ್ಬಳೇ, ಉತ್ತರ ಕೊಡುವವನು ಅವನೊಬ್ಬನೇ. ಎರಡು ನಿಮಿಷ ದಾಟಿತು. ನಾಲ್ಕಾಯಿತು. ಹೆಡ್‌ಸೆಟ್ಟಿನಲ್ಲಿ ಮೊದಲು ಅವನ ಉಸಿರು ಗೊರಗೊರ ಎನ್ನುತ್ತಿತ್ತು. ಆಮೇಲೆ ಅದೂ ಕೇಳಿಸಲಿಲ್ಲ. "ಅಮ್ಮ, ಸ್ವಲ್ಪ ನೀರು ಕೊಡು" ಎಂದೆ. ಅವಳು ಬೆನ್ನು ತಿರುಗಿಸಿದ್ದೇ ಮ್ಯೂಟ್ ತೆಗೆದು ಪಿಸುಗುಟ್ಟಿದೆ.

"ಉಲ್ಲನಾ?"

ಇಲ್ಲ.

"ಉಲ್ಲನಾ? ಏಯ್, ಉಲ್ಲನಾ?"

ಮೂರನೆಯದು ಕಿರುಚಾಗಿತ್ತು. ಅಮ್ಮ ಗ್ಲಾಸು ಹಿಡಿದೇ ತಿರುಗಿದಳು. ನಾನು ಫೋನು ತೆಗೆದು 999 ಒತ್ತಿದೆ. ಅದು ಇಲ್ಲಿಯ ನಂಬರು. ಅತ್ತ ಕಡೆಯವರು ಶಾಂತವಾಗಿ ಝೋನ್ ನಂಬರು ಕೇಳಿದರು. ನಮ್ಮ ಕಟ್ಟಡದ ಗೋಡೆಯಲ್ಲಿ ನೀಲಿ ಫಲಕವಿದೆ, ಝೋನು, ಬೀದಿ, ಕಟ್ಟಡ, ಮೂರೂ ನಂಬರು ನನಗೆ ಬಾಯಿಪಾಠ. ಎರಡನ್ನು ಹೇಳಿಯೂ ಬಿಟ್ಟೆ. ಮೂರನೆಯದು ಬಾಯಿಗೆ ಬರುವಾಗ ತಿಳಿಯಿತು, ನಾನು ಕರೆಸುತ್ತಿರುವುದು ಕಡಲಿನಾಚೆ ಸಾಯುತ್ತಿರುವ ತಮ್ಮನಿಗೆ ಅಲ್ ವುಕೈರ್‌ನ ಆಂಬುಲೆನ್ಸು. "ಸಾರಿ, ಖಲಾಸ್, ಮಾಫಿ ಮುಷ್ಕಿಲ್" ಎಂದು ಇಟ್ಟೆ. ಏನೂ ತೊಂದರೆ ಇಲ್ಲ ಎಂದು ನಾನೇ ಹೇಳಿದೆ.

ಹೆಡ್‌ಸೆಟ್ಟಿನ ವಯರನ್ನು ಕಿತ್ತೆಸೆದೆ. ಲ್ಯಾಪ್‌ಟಾಪಿನ ಸ್ಪೀಕರಿನಿಂದ ಅವನ ಕೋಣೆ ನಮ್ಮ ಅಡುಗೆಮನೆಗೆ ಬಂತು. ಅಲ್ಲೊಂದು ಹೆಣ್ಣಿನ ದನಿ ಇತ್ತು. ವಯಸ್ಸಾದ, ಸ್ವಲ್ಪವೂ ಗಡಿಬಿಡಿ ಇಲ್ಲದ ದನಿ. ಬೇರೊಂದು ಫೋನಿನಿಂದ ಬರುತ್ತಿತ್ತು.

"ಉಲ್ಲನಾ?" ಎಂದಳು. ಆಮೇಲೆ ಇಂಗ್ಲಿಷಿನಲ್ಲಿ, "ಆಂಬುಲೆನ್ಸಿನವರು ಮೆಟ್ಟಿಲು ಹತ್ತುತ್ತಿದ್ದಾರೆ, ನಾನು ಇಲ್ಲೇ ಇದ್ದೇನೆ, ಎಲ್ಲಿಗೂ ಹೋಗುವುದಿಲ್ಲ." ಮತ್ತೆ, "ಉಲ್ಲನಾ?"

ನನ್ನ ತಮ್ಮ ಉಸಿರಾಡುತ್ತಿರಲಿಲ್ಲ. ಆ ಕ್ಷಣದಲ್ಲೂ ನನ್ನೊಳಗೆ ಎದ್ದದ್ದು ಯಾವುದು ಎಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಇದನ್ನು ಬರೆದು ಪ್ರಯೋಜನವಿಲ್ಲ. ಅದು ನನ್ನ ಪದ. ಅದನ್ನು ಇವಳ ಬಾಯಿಗೆ ಕೊಟ್ಟವರು ಯಾರು?

ಬಾಗಿಲು ತೆರೆದ ಸದ್ದಾಯಿತು. ಬೂಟುಗಳು. ಗಂಡಸರ ಮಾತು, ಏನೋ ಹರಿದ ಸದ್ದು, ಯಾರೋ ಎಣಿಸುತ್ತಿದ್ದರು. ಅಮ್ಮ ನನ್ನ ಪಕ್ಕದಲ್ಲಿ ನಿಂತು ನನ್ನ ಹೆಗಲನ್ನು ಹಿಡಿದಿದ್ದಳು. ಎಷ್ಟು ಹೊತ್ತೋ. ಆಮೇಲೆ ನೀರಿನಿಂದ ಮೇಲೆ ಎದ್ದವನ ಹಾಗೆ ಒಂದು ಉಸಿರು, ಕೆಮ್ಮು, ಮತ್ತೊಂದು ಉಸಿರು.

"ಉಲ್ಲನಾ?" ಎಂದಳು ಅವಳು.

"ಉಲ್ಲೆ" ಎಂದ.

ಅವಳಿಗೆ ಎಂದ.

ಅಮ್ಮ ಲ್ಯಾಪ್‌ಟಾಪಿನ ಹತ್ತಿರ ಬಾಗಿದಳು. ಎರಡು ವರ್ಷ ನಾನು ಬಚ್ಚಿಟ್ಟದ್ದೆಲ್ಲ ಹತ್ತು ನಿಮಿಷದಲ್ಲಿ ಅವಳ ಕಿವಿಗೆ ಬಿದ್ದಿತ್ತು, ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವಳು ಕೇಳಿದ್ದು ಯಾವತ್ತೂ ಕೇಳುವುದನ್ನೇ. "ವಣಸ್ ಆಂಡಾ ಮಗಾ?" ಊಟ ಆಯಿತಾ ಎಂದು.

"ಆಂಡ್ ಅಮ್ಮ" ಎಂದ ತಮ್ಮ. ಆಯಿತು ಅಮ್ಮ. ಆಮೇಲೆ ಅಳತೊಡಗಿದ, ಕಪಾಟಿನಿಂದ ತೆಗೆದ ದಿನ ಅತ್ತಂತೆ, ಜೋರಾಗಿ.

ಮರುದಿನ ಅವನೇ ಕರೆದ. ನಾನು ಆರೋಗ್ಯ ವಿಚಾರಿಸಲಿಲ್ಲ.

"ನೀನು ಎರಡೂ ಕಡೆ ಮಾಡ್ತಿದ್ದಿಯಾ?"

"ಹೌದು. ಹಳೇ ಫೋನಿನಲ್ಲಿ ಅವಳು, ಒಂದು ಕಿವಿಗೆ. ಇನ್ನೊಂದರಲ್ಲಿ ನೀನು, ಸ್ಪೀಕರಿನಲ್ಲಿ. ನಿನಗೆ ಹೇಳಿದ ಉಲ್ಲೆಯೇ ಅವಳಿಗೂ ಸಾಕಾಗ್ತಿತ್ತು. ಕೊನೆಗೆ ನಾನು ಜಾರಿ ಬೀಳುವಾಗ ಇಯರ್‌ಫೋನ್ ಕಿತ್ತುಬಂದದ್ದು, ಅದಕ್ಕೇ ನಿನಗೆ ಕೇಳಿದ್ದು."

"ಯಾವಾಗಿಂದ?"

"ಮೊದಲ ದಿನದಿಂದ."

"ಹಾಗಾದ್ರೆ ನನಗೆ ಯಾಕೆ ಮಾಡ್ತಿದ್ದಿ?"

"ಮಾಡು ಅಂದಿಯಲ್ಲ ನೀನು. ಬೇಡ ಅಂದ್ರೆ ನಿನಗೆ ಬೇಜಾರಾಗ್ತಿತ್ತು. ಮತ್ತೆ ನಿನ್ನ ಬೈಗುಳ ಕೇಳದೆ ತುಂಬ ವರ್ಷ ಆಗಿತ್ತು ಅಕ್ಕ. ಅವಳು ಬೈಯುದೇ ಇಲ್ಲ."

ಸತ್ತು ಬದುಕಿದವನ ಜೊತೆ ಜಗಳವಾಡಬಾರದು ಎಂದು ತುಟಿ ಕಚ್ಚಿಕೊಂಡೆ. ಆದರೂ ಬಾಯಿ ಕೇಳಲಿಲ್ಲ. "ಆ ಮಾತು ಅವಳಿಗೆ ಯಾಕೆ ಕೊಟ್ಟಿ?"

"ಅವಳು ಮೊದಲ ದಿನ ಮೂರು ಕೇಳಿದ್ಲು. ವಿಳಾಸ ಎಂತ, ಬಾಗಿಲು ತೆಗೀಲಿಕ್ಕೆ ಹೇಗೆ, ಎಷ್ಟು ಆಳದ ನಿದ್ದೆಯಲ್ಲಿದ್ರೂ ನೀನು ಉತ್ತರ ಕೊಡುವ ಮಾತು ಯಾವುದು. ನನಗೆ ಬೇರೆ ಯಾವುದು ಗೊತ್ತುಂಟು ಅಕ್ಕ?"

ನಾನು ಫೋನು ಇಟ್ಟು, ಸಿಂಕಿನ ಮುಂದೆ ನಿಂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಆಮೇಲೆ ಅಮ್ಮನಿಗೂ ಅವಳಿಗೂ ಸ್ನೇಹವಾಯಿತು. ಹೌದು, ಅದನ್ನೂ ನೋಡಬೇಕಾಯಿತು. ಅಮ್ಮ ಅವಳ ಜೊತೆ ಮಾತಾಡಬೇಕೆಂದು ಹಟ ಹಿಡಿದಳು. ಒಂಬತ್ತು ಗಂಟೆಯ ಫಾಲೋಅಪ್‌ಗೆ ಈಗ ನಾಲ್ವರು. ಅನುವಾದ ಮಾಡುವವಳು ನಾನು. ಅಮ್ಮ ತುಳುವಿನಲ್ಲಿ "ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಹೇಳು" ಎನ್ನುವಳು, ನಾನು ಇಂಗ್ಲಿಷಿನಲ್ಲಿ "ಅಮ್ಮ ಥ್ಯಾಂಕ್ಸ್ ಹೇಳುತ್ತಾರೆ" ಎನ್ನುವೆ. ಅಮ್ಮ ಬೈಯಲಿಲ್ಲ, ಮಗನನ್ನು ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಅಮ್ಮನೂ ಅವಳೂ ಒಂದೇ ಜಾತಿ ಎಂದು ಆಗ ಗೊತ್ತಾಯಿತು. ಮಾತಿನ ನಡುವೆ ಅಮ್ಮ ಇಲ್ಲಿಯ ಏಸಿಯ ಚಳಿಯ ಬಗ್ಗೆ ದೂರಿದಳು. ಅದನ್ನು ಮಾತ್ರ ನಾನು ಚಾಚೂ ತಪ್ಪದೆ ಅನುವಾದ ಮಾಡಿದೆ. ಅದೇ ತಪ್ಪಾಯಿತು.

ಕೆಲವು ತಿಂಗಳ ನಂತರ ಒಂದು ಪಾರ್ಸೆಲ್ ಬಂತು. ಬೂದು ನೀಲಿ ಬಣ್ಣದ ಉಣ್ಣೆಯ ಶಾಲು. ಸಣ್ಣ ಹೆಣಿಗೆ, ಅಂಚಿನಲ್ಲಿ ಅಲೆ ಅಲೆ. ಅಮ್ಮ ಅದನ್ನು ಹೊದ್ದು ದೇವರ ಮುಂದೆ ಕೂತಳು, ಊಟಕ್ಕೆ ಕೂತಳು, ಮಧ್ಯಾಹ್ನ ಹೊದ್ದೇ ಮಲಗಿದಳು. ಹದಿನೈದು ವರ್ಷದಲ್ಲಿ ನಾನು ತಂದುಕೊಟ್ಟ ಶಾಲುಗಳು ನಾಲ್ಕು, ಎಲ್ಲವೂ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ. ಒಂದು ಶುಕ್ರವಾರ ಅವಳು ಸ್ನಾನಕ್ಕೆ ಹೋದಾಗ ಆ ಶಾಲನ್ನು ಬೆಡ್‌ಶೀಟುಗಳ ಜೊತೆ ಮೆಷಿನ್ನಿಗೆ ಹಾಕಿ ಅರವತ್ತು ಡಿಗ್ರಿಗೆ ತಿರುಗಿಸಿದೆ. ಉಣ್ಣೆಯನ್ನು ಬಿಸಿ ನೀರಿಗೆ ಹಾಕಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಹೊರಗೆ ತೆಗೆದಾಗ ಅದು ದಪ್ಪಗೆ, ಬಿರುಸಾಗಿ, ಮೊಳದುದ್ದಕ್ಕೆ ಮುದುಡಿತ್ತು. ಅಮ್ಮ ಎರಡೂ ತುದಿ ಹಿಡಿದು ಎಳೆದು ನೋಡಿದಳು. ಬೈಯುವಳೆಂದು ಕಾದೆ. ಬೈಯಬೇಕೆಂದೇ ಆಸೆಯಾಗಿತ್ತು.

"ಅವನು ಒಂದನೇ ಕ್ಲಾಸಿಗೆ ಹೋಗುವಾಗ ಇಷ್ಟೇ ಇದ್ದ" ಎಂದಳು. "ಅವನಿಗೆ ಸರಿ ಆಗ್ತಿತ್ತು." ಅದನ್ನು ಮಡಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಈಗಲೂ ಅಲ್ಲೇ ಇದೆ.

ತಮ್ಮ ಇದ್ದಾನೆ. ಬಿಟ್ಟಿದ್ದಾನೆ ಎಂದು ಬರೆಯಲಾರೆ. ಬಿಟ್ಟು, ಹಿಡಿದು, ಮತ್ತೆ ಬಿಡುವ ದಾರಿಯಲ್ಲಿದ್ದಾನೆ. ಕೇಂದ್ರದ ಕುರ್ಚಿಗಳು ಮತ್ತೆ ಹನ್ನೆರಡಾಗಿವೆ, ಬೇಕಾದಾಗ ಅಲ್ಲಿಗೆ ಹೋಗುತ್ತಾನೆ, ಅವಳು ಎದುರು ಕೂತು ಹೆಣೆಯುತ್ತಾಳೆ. ಅವಳಿಲ್ಲದಿದ್ದರೆ ನನಗೆ ತಮ್ಮನಿಲ್ಲ, ಇದು ನನಗೆ ಗೊತ್ತು. ಅವಳಿದ್ದಾಳೆ ಎಂಬುದು ಇನ್ನೂ ಗಂಟಲಲ್ಲಿ ಇಳಿಯುವುದಿಲ್ಲ, ಅದೂ ಗೊತ್ತು. ಅವನ ವಿಳಾಸವನ್ನು ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಬಾಗಿಲು ತೆಗೆಯುವ ಬಗೆಯ ಸಮೇತ.

ಶಾಲಿನ ಕಥೆಯನ್ನು ಅಮ್ಮನೇ ಅವನಿಗೆ ಹೇಳಿದಳು, ಅವನು ಅವಳಿಗೆ ಹೇಳಿದ. ಹೋದ ತಿಂಗಳು ಅವನ ಮೆಸೇಜು ಬಂತು: "ಅವಳು ತುಂಬ ನಗಾಡಿದ್ಲು ಅಕ್ಕ. ನಿನಗೊಂದು ಸ್ವೆಟರ್ ಹೆಣೀತಾಳಂತೆ. ಹೆಗಲಿನ ಅಳತೆ ಕಳಿಸ್ಬೇಕಂತೆ."

ಆ ಸಂಜೆಯೇ ಮಗಳ ಕೈಯಲ್ಲಿ ಟೇಪು ಹಿಡಿಸಿ ಅಳೆಸಿಕೊಂಡೆ. ಹದಿನಾರೂವರೆ ಇಂಚು. ಇನ್ನೂ ಕಳಿಸಿಲ್ಲ.